ಪುಡಿ ಯಂತ್ರದ್ದು, ಕೈ ನಮ್ಮದು

ಕಳೆದ ತಿಂಗಳು ಒಂದು ರಾತ್ರಿ, ಸಂಘದ ಕಚೇರಿಯ ಬಾಗಿಲು ಹಾಕುವ ಹೊತ್ತಿಗೆ ಒಬ್ಬ ಹುಡುಗ ಬಂದ. ಕುಂದಾಪುರದ ಕಡೆಯವನು, ವಯಸ್ಸು ಹತ್ತೊಂಬತ್ತು, ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಕೆಲಸ. ಎರಡು ಕೈಗಳನ್ನೂ ಹಳೆಯ ಬನಿಯನ್ನಿನ ಬಟ್ಟೆಯಲ್ಲಿ ಸುತ್ತಿಕೊಂಡಿದ್ದ. ಬಿಚ್ಚಿಸಿ ನೋಡಿದೆವು. ಬೆರಳ ಸಂದುಗಳಲ್ಲಿ ಚರ್ಮ ಸುಲಿದು ಕೆಂಪಗಾಗಿತ್ತು. ಉಗುರಿನ ಬುಡಗಳು ಬಾತುಕೊಂಡಿದ್ದವು. ವಿಚಾರಿಸಿದಾಗ ತಿಳಿದದ್ದು ಇಷ್ಟು: ಆ ಹೋಟೆಲಿಗೆ ಪಾತ್ರೆ ತೊಳೆಯುವ ಯಂತ್ರ ಬಂದಿತ್ತು. ಕೆಲವು ತಿಂಗಳಲ್ಲೇ ಅದು ಕೆಟ್ಟು ಮೂಲೆ ಸೇರಿತು. ಅದಕ್ಕೆಂದು ತಂದ ಪುಡಿ ಮಾತ್ರ ಉಗ್ರಾಣದಲ್ಲಿ ಉಳಿಯಿತು. ದುಡ್ಡು ಕೊಟ್ಟು ತಂದದ್ದು ಹಾಳಾಗಬಾರದೆಂದು ಮ್ಯಾನೇಜರು ಅದನ್ನು ಡಬ್ಬಿಯಿಂದ ಬಗ್ಗಿಸಿ, ಮೋರಿಯ ಬಳಿಯ ಬಕೇಟಿಗೆ ಹಾಕಿಸಿದರು. ಹುಡುಗ ಅದರಲ್ಲೇ ಮೂರು ದಿನ ಬಾಣಲೆ ತಿಕ್ಕಿದ.

“ಪುಡಿ ಅಂದ್ರೆ ಪುಡಿಯೇ ಅಲ್ದಾ ಅಣ್ಣ? ಎಲ್ಲ ಬಿಳಿಯೇ ಅಲ್ದಾ?” ಎಂದು ಅವನು ನಮ್ಮನ್ನು ಕೇಳಿದ.

ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕೈ ಈಗ ವಾಸಿಯಾಗುತ್ತಿದೆ. ಆದರೆ ಅವನ ಪ್ರಶ್ನೆಗೆ ಉತ್ತರ ಕೊಡದೆ ಬಿಡುವುದು ಸರಿಯಲ್ಲ. ನಾವೂ ಏಳನೆಯ ತರಗತಿಗೆ ಶಾಲೆ ಬಿಟ್ಟು ಈ ಊರಿಗೆ ಬಂದು, ಮೋರಿಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ವರ್ಷಗಟ್ಟಲೆ ತಟ್ಟೆ ಲೋಟ ತೊಳೆದವರೇ. ನಮಗೂ ಆಗ ಪುಡಿ ಎಂದರೆ ಪುಡಿಯೇ ಆಗಿತ್ತು. ಅದರಲ್ಲಿ ಏನಿದೆ ಎಂದು ಯಾರೂ ಹೇಳಲಿಲ್ಲ. ಕೇಳಬೇಕೆಂದು ನಮಗೂ ತೋಚಲಿಲ್ಲ.

ಊರಿನಲ್ಲಿ ನಮ್ಮ ಅಜ್ಜಿಯಂದಿರು ಬೂದಿಯಿಂದ ಪಾತ್ರೆ ತಿಕ್ಕುತ್ತಿದ್ದರು. ಬಟ್ಟೆಗೆ ಅಂಟುವಾಳ ಹಾಕುತ್ತಿದ್ದರು. ಬೂದಿ ಜಿಡ್ಡನ್ನು ಬಿಡಿಸುವುದು ಅದರಲ್ಲಿರುವ ಕ್ಷಾರದಿಂದ. ಬಟ್ಟೆಸೋಡದ ಶಕ್ತಿಯೂ ಅದೇ ಜಾತಿಯದು. ಎಲೆಯಡಿಕೆ ಹಾಕುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎಲೆಗೆ ಸುಣ್ಣ ಹದವಾಗಿದ್ದರೆ ಬಾಯಿ ಕೆಂಪಾಗುತ್ತದೆ. ಹೆಚ್ಚಾದರೆ ನಾಲಿಗೆ ಬೇಯುತ್ತದೆ. ಕ್ಷಾರದ ಗುಣವೇ ಹಾಗೆ. ಬಾಣಲೆಯ ಜಿಡ್ಡನ್ನು ತೆಗೆಯುವ ಶಕ್ತಿಯೇ ಚರ್ಮದ ಜಿಡ್ಡನ್ನೂ ತೆಗೆಯುತ್ತದೆ, ಆಮೇಲೆ ಚರ್ಮವನ್ನೇ ತಿನ್ನತೊಡಗುತ್ತದೆ.

೧೯೫೯ರಲ್ಲಿ ಸರ್ಫ್ ನಮ್ಮ ದೇಶದ ಪೇಟೆಗೆ ಬಂತು. ೧೯೬೯ರಲ್ಲಿ ಅಹಮದಾಬಾದಿನಲ್ಲಿ ಕರ್ಸನ್‌ಭಾಯಿ ಪಟೇಲರು ನಿರ್ಮಾ ತಯಾರಿಸಿ ಬಡವರ ಬಕೇಟಿಗೂ ಪುಡಿ ತಲುಪುವಂತೆ ಮಾಡಿದರು. ಪಾತ್ರೆ ಯಂತ್ರದ ಪುಡಿ ಮಾತ್ರ ಬಹುಕಾಲ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ೨೦೨೦ರ ಕೊರೊನಾ ಬೀಗಮುದ್ರೆಯ ಕಾಲದಲ್ಲಿ, ಮನೆಗೆಲಸದವರು ಬರಲಾಗದೆ ಹೋದಾಗ, ಅನುಕೂಲಸ್ಥರ ಮನೆಗಳಲ್ಲಿ ಈ ಯಂತ್ರ ಹೆಚ್ಚಿತು. ಅಲ್ಲಿ ಕೆಲಸ ಮಾಡುವ ನಮ್ಮ ಅಕ್ಕತಂಗಿಯರ ಕೈಗೆ ಮಿಕ್ಕ ಪುಡಿ ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತದೆ. ಅಲ್ಲಿಂದ ಚಾಳಿನ ಖೋಲಿಗೆ ಬರುತ್ತದೆ. ಚೀಲದ ಮೇಲೆ ಹೆಸರಿಲ್ಲ, ಎಚ್ಚರಿಕೆಯಿಲ್ಲ.

ನಾವು ಪುಡಿಯ ವಿರೋಧಿಗಳಲ್ಲ. ಹತ್ತು ಬಗೆಯ ಬಣ್ಣದ ಬಾಟಲಿ ಕೊಳ್ಳುವ ಸಂಬಳ ನಮಗಿಲ್ಲ. ಒಂದು ಪುಡಿಯಿಂದ ನಾಲ್ಕು ಕೆಲಸವಾದರೆ ಸಂತೋಷವೇ. ಬಟ್ಟೆಪುಡಿಯ ಒಂದು ಚಮಚವನ್ನು ಅರ್ಧ ಬಕೇಟು ಉಗುರುಬೆಚ್ಚಗಿನ ನೀರಿನಲ್ಲಿ ಚೆನ್ನಾಗಿ ಕರಗಿಸಿದರೆ ಒಲೆಯ ಹಿಂದಿನ ಗೋಡೆಯ ಎಣ್ಣೆ ಪಸೆ, ಕಿಟಕಿಯ ಸೊಳ್ಳೆ ಜಾಲರಿ, ಕಸದ ಡಬ್ಬಿ, ಬಚ್ಚಲಿನ ನೆಲ, ಕ್ಯಾನ್ವಾಸ್ ಬೂಟು ಎಲ್ಲಕ್ಕೂ ಸಾಕು. ಫ್ಯಾನಿನ ರೆಕ್ಕೆಯನ್ನು ಒರೆಸುವುದಾದರೆ ಮೊದಲು ಸ್ವಿಚ್ಚು ಆರಿಸಿ, ಬಟ್ಟೆಯನ್ನು ಗಟ್ಟಿಯಾಗಿ ಹಿಂಡಿ ಒರೆಸಬೇಕು. ಎಲ್ಲದರ ಮೇಲೂ ಕೊನೆಗೊಮ್ಮೆ ಬರಿಯ ನೀರಿನ ಬಟ್ಟೆ ಆಡಿಸಬೇಕು. ಪುಡಿ ಹೆಚ್ಚು ಹಾಕಿದರೆ ಹೆಚ್ಚು ಸ್ವಚ್ಛವಾಗುವುದಿಲ್ಲ. ನೆಲದ ಮೇಲೆ ಅಂಟು ನಿಂತು ಧೂಳನ್ನು ಹಿಡಿಯುತ್ತದೆ. ಅದನ್ನು ತೊಳೆಯಲು ಮತ್ತೆ ಎರಡು ಬಕೇಟು ನೀರು ಬೇಕು. ಗಂಟೆ ನೋಡಿ ನಲ್ಲಿ ಬಿಡುವ ಚಾಳಿನಲ್ಲಿ ಆ ನೀರೆಲ್ಲಿ?

ಯಂತ್ರದ ಪುಡಿಗೂ ಮನೆಯಲ್ಲಿ ಕೆಲಸವಿದೆ. ಮನೆಯ ಯಂತ್ರಕ್ಕೆ ಬರುವ ಪುಡಿಯಲ್ಲಿ ಸಾಮಾನ್ಯವಾಗಿ ಬಟ್ಟೆಸೋಡ, ಕಲೆಯನ್ನು ಬಿಳುಪು ಮಾಡುವ ವಸ್ತು, ಜೊತೆಗೆ ಅನ್ನದ ಗಂಜಿಯನ್ನೂ ಬೇಳೆ ಹಾಲುಗಳ ಕರೆಯನ್ನೂ ಕರಗಿಸುವ ಕಿಣ್ವಗಳು ಇರುತ್ತವೆ. ತಳ ಹಿಡಿದ ಸ್ಟೀಲು ಪಾತ್ರೆಗೆ ಒಂದು ಚಮಚ ಹಾಕಿ, ಬಿಸಿ ನೀರು ಹೊಯ್ದು, ರಾತ್ರಿ ಹಾಗೆಯೇ ಬಿಟ್ಟರೆ ಬೆಳಿಗ್ಗೆ ಅರ್ಧ ಕೆಲಸ ತಾನಾಗಿ ಮುಗಿದಿರುತ್ತದೆ. ನೀರು ಕುದಿಯುವಂತಿರಬಾರದು, ಕುದಿನೀರಿನಲ್ಲಿ ಕಿಣ್ವ ಸಾಯುತ್ತದೆ. ಚಹದ ಕರೆ ಕಟ್ಟಿದ ಕಪ್ಪುಗಳಿಗೂ ಸ್ಟೀಲು ಫ್ಲಾಸ್ಕಿಗೂ ಇದೇ ಉಪಾಯ ಸಲ್ಲುತ್ತದೆ. ಆದರೆ ಫ್ಲಾಸ್ಕಿನ ಮುಚ್ಚಳ ಬಿಗಿಯಬಾರದು. ಒಳಗೆ ಅನಿಲ ಹುಟ್ಟಿ ಒತ್ತಡ ಏರುತ್ತದೆ. ನೆನೆದ ನೀರನ್ನು ಚೆಲ್ಲಿ, ಎರಡು ಮೂರು ಸಲ ತೊಳೆದ ಮೇಲೆಯೇ ಕೈ ಹಾಕಿ ತಿಕ್ಕಬೇಕು. ಈ ಪುಡಿಯ ನಿಯಮ ಒಂದೇ: ನೆನೆಯುವುದು ಪಾತ್ರೆ, ಕೈಯಲ್ಲ.

ಅಲ್ಯೂಮಿನಿಯಂ ಕುಕ್ಕರಿಗೂ ಅಲ್ಯೂಮಿನಿಯಂ ಇಡ್ಲಿ ತಟ್ಟೆಗೂ ಇದನ್ನು ಹಾಕಬಾರದು. ಕ್ಷಾರ ಆ ಲೋಹವನ್ನು ತಿಂದು ಕಪ್ಪು ಮಾಡುತ್ತದೆ. ರೇಷ್ಮೆ ಸೀರೆ, ಉಣ್ಣೆ ಶಾಲು ಎರಡಕ್ಕೂ ಈ ಪುಡಿಗಳು ಶತ್ರುಗಳೇ. ತರಕಾರಿ ತೊಳೆಯಲು, ಮಗುವಿನ ಹಾಲಿನ ಬಾಟಲಿ ತೊಳೆಯಲು ಎರಡೂ ಬೇಡ. ನಲ್ಲಿಯ ಸುತ್ತ ಕಟ್ಟುವ ಬಿಳಿ ಗಡಸು ಕಲೆ ಎಷ್ಟು ಪುಡಿ ಹಾಕಿದರೂ ಹೋಗುವುದಿಲ್ಲ. ಅದು ನೀರಿನ ಸುಣ್ಣ, ಅದಕ್ಕೆ ನಿಂಬೆಹಣ್ಣಿನ ಹುಳಿಯೇ ಮದ್ದು.

ಎಲ್ಲಕ್ಕಿಂತ ಮುಖ್ಯವಾದ ಮಾತು: ಒಂದನ್ನು ಇನ್ನೊಂದರ ಜೊತೆ ಬೆರೆಸಬೇಡಿ. ಬ್ಲೀಚಿಂಗ್ ಪುಡಿಗೆ ಪಾಯಿಖಾನೆಯ ಆಸಿಡ್ ಸೇರಿದರೆ ಕ್ಲೋರಿನ್ ಎಂಬ ವಿಷಾನಿಲ ಏಳುತ್ತದೆ. ಗಾಳಿಯಾಡದ ಸಣ್ಣ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಸಂಚಕಾರ. ಯಂತ್ರದ ಪುಡಿಗಳಲ್ಲೂ ಕೆಲವದರಲ್ಲಿ ಕ್ಲೋರಿನ್ ಇರುತ್ತದೆ. ಚೀಟಿಯಿಲ್ಲದ ಚೀಲದಲ್ಲಿ ಯಾವುದಿದೆಯೆಂದು ಹೇಗೆ ತಿಳಿಯಬೇಕು? ಆದ್ದರಿಂದ ಚೀಟಿಯಿಲ್ಲದ ಪುಡಿಯನ್ನು ಮನೆಯೊಳಗೆ ತರಬೇಡಿ. ಕೊಡುವವರು ಪ್ರೀತಿಯಿಂದಲೇ ಕೊಡಬಹುದು. “ಡಬ್ಬಿ ಸಮೇತ ಕೊಡಿ ಅಮ್ಮ” ಎಂದು ಕೇಳುವುದರಲ್ಲಿ ಸಂಕೋಚವೇನಿದೆ? ಉಪ್ಪು ಸಕ್ಕರೆಯ ಡಬ್ಬಿಗಳ ಪಕ್ಕದಲ್ಲಿ, ಮಕ್ಕಳ ಕೈಗೆ ಎಟಕುವಲ್ಲಿ ಅದನ್ನು ಇಡಬೇಡಿ. ಕಣ್ಣಿಗೆ ಬಿದ್ದರೆ ಹರಿಯುವ ನೀರಿನಲ್ಲಿ ೧೫–೨೦ ನಿಮಿಷ ಬಿಡದೆ ತೊಳೆದು ಆಸ್ಪತ್ರೆಗೆ ಓಡಬೇಕು. ಮಗು ನುಂಗಿದರೆ ಬಾಯಿ ತೊಳೆಸಿ, ವಾಂತಿ ಮಾಡಿಸಬೇಡಿ, ಡಬ್ಬಿಯನ್ನೂ ಕೈಯಲ್ಲಿ ಹಿಡಿದೇ ಡಾಕ್ಟರರ ಬಳಿಗೆ ಹೋಗಿ.

ಈಗ ಹೋಟೆಲಿನ ಮಾತಿಗೆ ಬರೋಣ. ಪಾತ್ರೆ ತೊಳೆಯುವ ಯಂತ್ರಕ್ಕೆ ಅಮೆರಿಕದ ಜೋಸೆಫಿನ್ ಕಾಕ್ರೇನ್ ಎಂಬ ಮಹಿಳೆ ೧೮೮೬ರಲ್ಲಿ ಪೇಟೆಂಟ್ ಪಡೆದರು. ಕೈಯಿಂದ ತೊಳೆಯುವಾಗ ತಮ್ಮ ಬೆಲೆಬಾಳುವ ಪಿಂಗಾಣಿ ತಟ್ಟೆಗಳ ಅಂಚು ಒಡೆಯುತ್ತದೆಂಬುದು ಆಕೆಯ ಚಿಂತೆಯಾಗಿತ್ತೆಂದು ಹೇಳುತ್ತಾರೆ. ಅದನ್ನು ಮೊದಲು ಕೊಂಡವರಲ್ಲಿ ಹೋಟೆಲಿನವರೇ ಮುಂದು. ಯಂತ್ರ ಹುಟ್ಟಿದ್ದು ತಟ್ಟೆಯನ್ನು ಉಳಿಸಲಿಕ್ಕೆ. ಆದರೂ ಅದರಿಂದ ಕೈಯೂ ಉಳಿಯಿತು. ಬಾಗಿಲು ಮುಚ್ಚಿದ ಪೆಟ್ಟಿಗೆಯೊಳಗೆ ಕೈ ಹೋಗುವುದಿಲ್ಲ. ಅದಕ್ಕಾಗಿಯೇ ಆ ಪುಡಿಯನ್ನು ಖಾರವಾಗಿ ಮಾಡಿದರು. ಹೋಟೆಲಿನ ದೊಡ್ಡ ಯಂತ್ರಗಳ ಪುಡಿಗಳಲ್ಲಿ ಕೆಲವದರಲ್ಲಿ ಕಾಸ್ಟಿಕ್ ಸೋಡವೇ ಇರುತ್ತದೆ. ಯಂತ್ರವನ್ನು ಮೂಲೆಗಿಟ್ಟು ಅದರ ಪುಡಿಯನ್ನು ಹುಡುಗನ ಕೈಗೆ ಕೊಟ್ಟರೆ, ಆ ಹುಡುಗನನ್ನೇ ಯಂತ್ರವೆಂದು ಎಣಿಸಿದಂತಾಯಿತು.

ಇನ್ನೊಂದು ಭ್ರಮೆಯನ್ನೂ ಹೇಳಬೇಕು. ಮೋರಿಯ ಬಳಿ ನೊರೆ ಬಂದರೇ ಪುಡಿ ಜೋರು ಎಂಬ ನಂಬಿಕೆ ನಮ್ಮವರಲ್ಲಿದೆ. ಯಂತ್ರದ ಪುಡಿ ನೊರೆ ಬಿಡುವುದಿಲ್ಲ. ನೊರೆ ಬಂದರೆ ಯಂತ್ರದೊಳಗೆ ನೀರು ಸರಿಯಾಗಿ ಸಿಡಿಯುವುದಿಲ್ಲವೆಂದು ಹಾಗೆಯೇ ತಯಾರಿಸುತ್ತಾರೆ. ಆ ಹುಡುಗ ನೊರೆ ಕಾಣದೆ, ಪುಡಿ ಸಪ್ಪೆಯೆಂದು ತಿಳಿದು, ಹಿಡಿಹಿಡಿ ಹಾಕಿದ್ದನಂತೆ.

ಮಾಲೀಕರಲ್ಲಿ ಬಹುಮಂದಿ ನಮ್ಮ ಊರಿನವರೇ. ತಾವೂ ಒಂದು ಕಾಲಕ್ಕೆ ತಟ್ಟೆ ತೊಳೆದು ಗಲ್ಲಾದವರೆಗೆ ಏರಿದವರು. ಅವರೊಡನೆ ಜಗಳಕ್ಕೆ ನಿಂತು ನಾವು ಇದನ್ನು ಬರೆಯುತ್ತಿಲ್ಲ. ಕೇಳುವುದು ಮೂರೇ ಮಾತು. ಒಂದು, ಮೋರಿಯ ಕೆಲಸದವನಿಗೆ ರಬ್ಬರಿನ ಕೈಚೀಲ ಕೊಡಿ. ಹರಿದಾಗ ಸಂಬಳದಲ್ಲಿ ಹಿಡಿಯದೆ ಬೇರೆ ಕೊಡಿ. ಭಟ್ಟರಿಗೆ ಜಾಲರಿ ಸೌಟು ಹೇಗೋ ಅವನಿಗೆ ಅದು ಹಾಗೆ ಕೆಲಸದ ಸಾಮಾನು. ಎರಡು, ಪುಡಿಯನ್ನು ಅದರ ಡಬ್ಬಿಯಲ್ಲೇ ಇಡಿ. ಡಬ್ಬಿಯ ಮೇಲಿನ ಎಚ್ಚರಿಕೆಯನ್ನು ಕನ್ನಡದಲ್ಲೂ ಹಿಂದಿಯಲ್ಲೂ ಬರೆಸಿ ಮೋರಿಯ ಗೋಡೆಗೆ ಅಂಟಿಸಿ. ಓದು ಬಾರದವನಿಗೆ ಬಾಯಲ್ಲಿ ಹೇಳಿ. ಮೂರು, ಕೈ ಕೆಟ್ಟವನನ್ನು ವಾಸಿಯಾಗುವತನಕ ನೀರಿನ ಕೆಲಸದಿಂದ ಬಿಡಿಸಿ ಮೇಜು ಒರೆಸುವುದಕ್ಕೋ ತರಕಾರಿ ಜೋಡಿಸುವುದಕ್ಕೋ ಹಾಕಿ, ಊರಿಗೆ ಕಳಿಸಿಬಿಡಬೇಡಿ.

ಈ ಮೂರಕ್ಕೂ ಸೇರಿ ಬೀಳುವ ಖರ್ಚು ದೊಡ್ಡದಲ್ಲ. ಒಡೆದ ಕಪ್ಪುಗಳ ಲೆಕ್ಕ ಬರೆಯಲು ಗಲ್ಲಾದಲ್ಲಿ ಪುಸ್ತಕವಿದೆ. ಸುಲಿದ ಕೈಗಳ ಲೆಕ್ಕಕ್ಕೆ ಪುಸ್ತಕವಿಲ್ಲ. ಆ ಲೆಕ್ಕವನ್ನು ಇನ್ನು ಮುಂದೆ ಸಂಘ ಬರೆಯುತ್ತದೆ. ಕೈಗೆ ತೊಂದರೆಯಾದವರು ಮುಚ್ಚಿಡದೆ ಕಚೇರಿಗೆ ಬರಲಿ. ಬರುವಾಗ ಪುಡಿಯ ಡಬ್ಬಿಯ ಚೀಟಿಯನ್ನು ಕಿತ್ತು ತರಲಿ.

ಆ ಹುಡುಗ ಮೊನ್ನೆ ಮತ್ತೆ ಬಂದಿದ್ದ. ಹೊಸ ಪುಡಿಯ ಡಬ್ಬಿಯ ಮೇಲಿನ ಅಕ್ಷರಗಳನ್ನು ನಮ್ಮಿಂದ ಓದಿಸಿಕೊಂಡು ಹೋದ. ಇಂಗ್ಲಿಷು ಅವನಿಗೆ ಬಾರದು, ನಮಗೂ ಅರ್ಧಂಬರ್ಧ. ಇಬ್ಬರೂ ಕುಳಿತು ಒಂದೊಂದೇ ಪದ ಬಿಡಿಸಿದೆವು. ಹಾಗೆ ಕೇಳಲು ಬರುವವರು ಇನ್ನೂ ಹತ್ತು ಮಂದಿಯಾಗಲಿ ಎಂದು ಇಷ್ಟು ಬರೆದೆವು.