ಹಾವನ್ನು ಕಚ್ಚುವ ನುಸಿ

ಅಮೆರಿಕದ ಓಹೈಯೋ ಪ್ರಾಂತದ ಒಂದು ಸಣ್ಣ ಊರು. ಅಲ್ಲಿ ಹದಿನಾಲ್ಕು ವರ್ಷದ ಒಬ್ಬ ಹುಡುಗ. ಓರಗೆಯ ಹುಡುಗರಿಗೆಲ್ಲ ನಾಯಿಮರಿ ಬೇಕು, ಗಿಣಿ ಬೇಕು. ಇವನಿಗೆ ಬೇಕಾದದ್ದು ಹಾವು. ತಾಯಿಗೆ ಹಾವೆಂದರೆ ಪ್ರಾಣಭಯ. ಎರಡು ವರ್ಷ ಹಠ ಹಿಡಿದು, ಬೇಸಗೆಯಲ್ಲಿ ನೆರೆಮನೆಗಳ ಅಂಗಳದ ಹುಲ್ಲು ಕತ್ತರಿಸಿ ಹಣ ಕೂಡಿಟ್ಟು, ಕೊನೆಗೊಂದು ಶನಿವಾರ ಉರಗಗಳ ಸಂತೆಯಿಂದ ಅವನು ಹಾವನ್ನು ಮನೆಗೆ ತಂದನೆಂದು ಇಟ್ಟುಕೊಳ್ಳಿ. ಅಂಥ ಸಂತೆಗಳು ಆ ದೇಶದಲ್ಲಿ ಧಾರಾಳವಾಗಿ ನಡೆಯುತ್ತವೆ; ಅಂಥ ಹುಡುಗರೂ ಧಾರಾಳವಾಗಿದ್ದಾರೆ.

ಹುಡುಗ ತಂದದ್ದು ವಿಷದ ಹಾವಲ್ಲ. ಆಫ್ರಿಕದ ಪಶ್ಚಿಮ ಭಾಗದ ಹುಲ್ಲುಗಾವಲುಗಳಲ್ಲಿ ಹುಟ್ಟಿ ಬೆಳೆಯುವ ಒಂದು ಕಿರುಜಾತಿಯ ಹೆಬ್ಬಾವು. ಹೆದರಿದಾಗ ತಲೆಯನ್ನು ಸುರುಳಿಯ ಒಳಗೆ ಹುದುಗಿಸಿಕೊಂಡು ಚೆಂಡಿನಂತೆ ಉಂಡೆಯಾಗಿಬಿಡುವುದರಿಂದ ಇದಕ್ಕೆ ಬಾಲ್ ಪೈಥಾನ್, ಅಂದರೆ ಚೆಂಡು ಹೆಬ್ಬಾವು, ಎಂದು ಹೆಸರು. ಬೆಳೆದರೆ ನಾಲ್ಕಡಿಯ ಆಸುಪಾಸು. ಬೆನಿನ್ ದೇಶದ ವೀದಾ ಪಟ್ಟಣದಲ್ಲಿ ಈ ಹಾವುಗಳಿಗೆಂದೇ ಒಂದು ಗುಡಿ ಉಂಟು. ಅಲ್ಲಿ ಅವನ್ನು ಕೊಲ್ಲುವುದು ಪಾಪ. ನಾಗರಕಲ್ಲಿಗೆ ಹಾಲೆರೆಯುವ ನಾಡಿನ ಓದುಗರಿಗೆ ಇದರಲ್ಲಿ ಆಶ್ಚರ್ಯಪಡತಕ್ಕದ್ದು ಏನೂ ಇಲ್ಲ. ಆಶ್ಚರ್ಯವೆಂದರೆ, ಅದೇ ಬೆನಿನ್‌ನಿಂದಲೂ ಪಕ್ಕದ ಟೋಗೊ, ಘಾನಾ ದೇಶಗಳಿಂದಲೂ ಇದೇ ಹಾವುಗಳು ಸಾವಿರಗಟ್ಟಲೆಯಾಗಿ ಪರದೇಶಗಳಿಗೆ ಮಾರಾಟವಾಗುತ್ತ ಬಂದಿರುವುದು. ಚೀಲಗಳಲ್ಲಿ, ಪೆಟ್ಟಿಗೆಗಳಲ್ಲಿ ಒಟ್ಟೊಟ್ಟಿಗೆ ತುಂಬಿದ ಹಾವುಗಳು ವ್ಯಾಪಾರಿಯಿಂದ ವ್ಯಾಪಾರಿಗೆ ಕೈ ಬದಲಾಯಿಸುವಾಗ, ಒಂದರ ಮೈಯ ಪೀಡೆ ಹತ್ತರ ಮೈಗೆ ಹತ್ತುವುದು ಎಷ್ಟು ಹೊತ್ತಿನ ಮಾತು?

(ನಮ್ಮಲ್ಲಿ ಈ ಹವ್ಯಾಸಕ್ಕೆ ಹೆಚ್ಚು ಎಡೆಯಿಲ್ಲ. ನಾಗರಹಾವು, ಕೇರೆ, ಹೆಬ್ಬಾವು ಮೊದಲಾದವನ್ನು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಕಾಯುತ್ತದೆ. ಹಿಡಿದು ಮನೆಯಲ್ಲಿಟ್ಟುಕೊಂಡವನು ಸೆರೆಮನೆಯ ದಾರಿ ಹಿಡಿದಂತೆಯೇ. ಚೆಂಡು ಹೆಬ್ಬಾವಿನಂಥ ಪರದೇಶದ ಪ್ರಾಣಿಯನ್ನು ಇಟ್ಟುಕೊಂಡವರೂ ಸರಕಾರದಲ್ಲಿ ನೋಂದಾಯಿಸಬೇಕೆಂದು ೨೦೨೪ರಲ್ಲಿ ನಿಯಮಗಳಾಗಿವೆ.)

ಹಾವು ಮನೆಗೆ ಬಂದ ಮೂರನೆಯ ದಿನ ನೀರಿನ ಬಟ್ಟಲೊಳಗೆ ಸುತ್ತಿಕೊಂಡು ಮಲಗಿತ್ತು. ಸೆಕೆಯಿರಬೇಕೆಂದು ಹುಡುಗ ಸುಮ್ಮನಾದ. ನಾಲ್ಕನೆಯ ದಿನವೂ ನೀರು, ಐದನೆಯ ದಿನವೂ ನೀರು. ಇಲಿಮರಿಯನ್ನು ಕೊಟ್ಟರೆ ಮೂಸಿಯೂ ನೋಡಲಿಲ್ಲ. ಹಾವನ್ನೆತ್ತಿ ಬಟ್ಟಲನ್ನು ಬೆಳಕಿಗೆ ಹಿಡಿದಾಗ ತಳದಲ್ಲಿ ಗಸಗಸೆಗಿಂತ ಸಣ್ಣ ಕಪ್ಪು ಕಾಳುಗಳು ಕಂಡವು. ಮಣ್ಣೇನೋ ಎಂದುಕೊಳ್ಳುವಷ್ಟರಲ್ಲಿ ಒಂದು ಕಾಳು ಅವನ ಹೆಬ್ಬೆರಳ ಮೇಲೆ ಹರಿದಾಡಿತು. ಹಾವಿನ ಮೈಮೇಲೆ ಅಲ್ಲಲ್ಲಿ ವಿಭೂತಿ ಉದುರಿದಂತೆ ಬಿಳಿಯ ಪುಡಿ. ಕಣ್ಣಿನ ಸುತ್ತ ಹುರುಪೆಗಳು ಸ್ವಲ್ಪ ಉಬ್ಬಿದ್ದವು. ಅವುಗಳ ಸಂದಿಯಲ್ಲಿ ಅದೇ ಕಪ್ಪು ಕಾಳುಗಳು ಸಾಲುಗಟ್ಟಿದ್ದವು.

ಇದೇ ಹಾವಿನ ನುಸಿ. ವಿಜ್ಞಾನಿಗಳು ಇಟ್ಟ ಹೆಸರು ಓಫಿಯೋನಿಸಸ್ ನ್ಯಾಟ್ರಿಸಿಸ್. ಗ್ರೀಕ್ ಭಾಷೆಯಲ್ಲಿ 'ಓಫಿಸ್' ಎಂದರೆ ಹಾವು; ಉತ್ತರಪದಕ್ಕೆ ಚುಚ್ಚುವುದೆಂಬ ಅರ್ಥ. ಹೆಸರಿಟ್ಟವರು ಕಷ್ಟಪಟ್ಟು ಯೋಚಿಸಲಿಲ್ಲ. ಇದ್ದುದನ್ನು ಇದ್ದಂತೆ ಹೇಳಿದರು. ಇದು ಕೀಟವಲ್ಲ, ಜೇಡ ಚೇಳುಗಳ ಬಳಗಕ್ಕೆ ಸೇರಿದ ಎಂಟು ಕಾಲಿನ ಜೀವಿ. ಈ ಬಳಗದ ಉಪದ್ರವ ಕನ್ನಡಿಗರಿಗೆ ಹೊಸದಲ್ಲ. ತೆಂಗಿನ ಕಾಯಿಯನ್ನು ಸುಕ್ಕುಗಟ್ಟಿಸಿ ರೈತರ ಹೊಟ್ಟೆಯ ಮೇಲೆ ಹೊಡೆದದ್ದೂ ಒಂದು ನುಸಿಯೇ. ೧೯೫೭ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳನ್ನೂ ಮನುಷ್ಯರನ್ನೂ ಕೆಡವಿದ ರೋಗವನ್ನು ಹೊತ್ತು ತಿರುಗಿದ ಉಣ್ಣೆಯೂ ಇವುಗಳ ದಾಯಾದಿಯೇ. ಹಾವಿನ ನುಸಿ ಹೊಟ್ಟೆ ತುಂಬಿದಾಗಲೂ ಒಂದು ಮಿಲಿಮೀಟರಿನಷ್ಟು, ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು. ಹಸಿದಿರುವಾಗ ಹಳದಿ ಬೆರೆತ ಕಂದು. ರಕ್ತ ಕುಡಿದ ಮೇಲೆ ಕಪ್ಪುಕೆಂಪು. ಆ ಬಿಳಿಯ ಪುಡಿ ಇವುಗಳ ಮಲ.

ಹಾವು ಏಕೆ ನೀರಿಗಿಳಿಯಿತೆಂದು ಈಗ ತಿಳಿಯಿತಷ್ಟೆ. ನಾಯಿಗಾದರೆ ಕೆರೆದುಕೊಳ್ಳಲು ಕಾಲುಂಟು, ಹಕ್ಕಿಗೆ ಕೊಕ್ಕುಂಟು, ದನಕ್ಕೆ ಬಾಲವುಂಟು. ಹಾವಿಗೆ ಏನುಂಟು? ಮುಳುಗುವುದೊಂದೇ ಅದಕ್ಕೆ ತಿಳಿದ ಉಪಾಯ. ಆದರೆ ಉಸಿರಿಗಾಗಿ ತಲೆಯನ್ನು ಹೊರಗೆ ಇಡಲೇಬೇಕು. ನುಸಿಗಳಿಗೆ ಅಷ್ಟು ಸಾಕು. ಅಲ್ಲಿಗೇ ಏರಿ ಕುಳಿತುಕೊಳ್ಳುತ್ತವೆ. ಹಾವಿಗೆ ಕಣ್ಣಿನ ರೆಪ್ಪೆ ಇಲ್ಲ. ಅದರ ಬದಲು ಕನ್ನಡಕದ ಗಾಜಿನಂಥ ಪಾರದರ್ಶಕ ಹುರುಪೆಯೊಂದು ಕಣ್ಣನ್ನು ಮುಚ್ಚಿದೆ. ಆ ಗಾಜಿನ ಅಂಚಿನ ಸಂದು, ಗದ್ದದ ಕೆಳಗಿನ ಸೀಳು, ಇವು ನುಸಿಗಳಿಗೆ ಬಲು ಮೆಚ್ಚಿನ ಬಿಡಾರಗಳು.

ಈ ನುಸಿಯ ಜೀವನವೃತ್ತಾಂತವನ್ನು ಬಿಡಿಸಿ ನೋಡಿದವನು ಜೋಸೆಫ್ ಕ್ಯಾಮಿನ್ ಎಂಬ ಅಮೆರಿಕದ ವಿಜ್ಞಾನಿ. ಅವನ ಪ್ರಬಂಧ ೧೯೫೩ರಲ್ಲಿ ಪ್ರಕಟವಾಯಿತು. ಇಂದಿಗೂ ಈ ವಿಷಯವಾಗಿ ಬರೆಯುವವರು ಅದನ್ನು ಬಿಟ್ಟು ಮುಂದೆ ಹೋಗಲಾರರು. ಮೊಟ್ಟೆಯಿಂದ ಹೊರಬಂದ ಮರಿಗೆ ಆರೇ ಕಾಲು. ಅದು ಏನನ್ನೂ ತಿನ್ನುವುದಿಲ್ಲ. ಪೊರೆ ಕಳಚಿ ಎರಡನೆಯ ಅವಸ್ಥೆಗೆ ಬಂದಾಗ ಎಂಟು ಕಾಲು, ಜತೆಗೆ ಹಸಿವು. ಈ ಅವಸ್ಥೆಯ ಹುಳುಗಳಿಗೆ ನಮ್ಮ ಕೃಷಿಶಾಸ್ತ್ರದ ಪುಸ್ತಕಗಳಲ್ಲಿ 'ಅಪ್ಸರೆ' ಎಂದೇ ಹೆಸರು! ಇಂಗ್ಲಿಷಿನ ಮಾತಿಗೆ ಸರಿಯಾಗಿ ಪದ ಹುಡುಕಿದ ಪುಣ್ಯಾತ್ಮನಿಗೆ ರಂಭೆ ಊರ್ವಶಿಯರು ಏನು ಶಾಪವಿತ್ತರೋ ತಿಳಿಯದು. ಈ ಅಪ್ಸರೆ ಹಾವಿನ ಮೇಲೇರಿ ರಕ್ತ ಕುಡಿಯುತ್ತದೆ. ಇಳಿದು ಮತ್ತೆ ಪೊರೆ ಬಿಡುತ್ತದೆ. ಮೂರನೆಯ ಅವಸ್ಥೆಯಲ್ಲಿ ಪುನಃ ಉಪವಾಸ. ಆಮೇಲೆ ಪ್ರಾಯಕ್ಕೆ ಬಂದ ನುಸಿ, ಮತ್ತೆ ರಕ್ತ. ಹದವಾದ ಬಿಸಿಯಿದ್ದರೆ ಇಷ್ಟೆಲ್ಲ ಎರಡು ಮೂರು ವಾರಗಳಲ್ಲಿ ಮುಗಿಯುತ್ತದೆ. ಒಂದು ಹೆಣ್ಣು ತನ್ನ ಆಯುಷ್ಯದಲ್ಲಿ ಅರವತ್ತರಿಂದ ಎಂಬತ್ತು ಮೊಟ್ಟೆಗಳನ್ನಿಡುತ್ತದೆ. ಗಂಡಿನ ಸಂಗವಿಲ್ಲದೆಯೂ ಇಡಬಲ್ಲದು, ಅವೆಲ್ಲ ಗಂಡುಮರಿಗಳಾಗುತ್ತವೆ. ಹೀಗಾಗಿ ಒಂದೇ ಒಂದು ನುಸಿ ಉಳಿದರೂ ಸಂಸಾರ ಅಳಿಯಿತೆಂದು ಹೇಳುವಂತಿಲ್ಲ.

ಆದರೆ ಮುಖ್ಯವಾದ ಮಾತು ಬೇರೆಯೇ ಇದೆ. ಮೊಟ್ಟೆಗಳನ್ನು ಅದು ಹಾವಿನ ಮೈಮೇಲೆ ಇಡುವುದಿಲ್ಲ. ಪೆಟ್ಟಿಗೆಯ ಮೂಲೆಯಲ್ಲಿ, ಮರದ ಬಿರುಕಿನಲ್ಲಿ, ಹಾಸಿದ ತೊಗಟೆಯ ಚೂರುಗಳ ಅಡಿಯಲ್ಲಿ, ಕತ್ತಲೆ ಮತ್ತು ತೇವ ಎಲ್ಲಿವೆಯೋ ಅಲ್ಲಿ ಇಡುತ್ತದೆ. ಆದುದರಿಂದ ಹಾವಿಗೆ ಮಾತ್ರ ಮದ್ದು ಮಾಡಿದವನು, ಬಾಡಿಗೆದಾರನನ್ನು ಕೊಟ್ಟಿಗೆಗೆ ಕಳುಹಿಸಿ ಮನೆಯ ತಿಗಣೆಗೆ ಔಷಧ ಹೊಡೆದೆನೆಂದು ತಿಳಿದ ಯಜಮಾನನಂತೆ.

ಕೆಲವು ಹನಿ ರಕ್ತ ಹೋದರೆ ಹಾವು ಸಾಯುತ್ತದೆಯೇ? ಎಳೆಯ ಹಾವಾದರೆ, ನುಸಿ ನೂರುಗಟ್ಟಲೆಯಾದರೆ, ಸಾಯುತ್ತದೆ. ರಕ್ತಹೀನತೆಯಿಂದ ಬಡಕಲಾಗಿ, ಮೈಯ ನೀರು ಆರಿ ಸಾಯುತ್ತದೆ. ಅದಲ್ಲದೆ, ರಕ್ತವನ್ನೇ ನಂಜಾಗಿಸುವ ಒಂದು ಬ್ಯಾಕ್ಟೀರಿಯವನ್ನು ನುಸಿ ಹಾವಿನಿಂದ ಹಾವಿಗೆ ದಾಟಿಸಬಲ್ಲದೆಂದು ೧೯೪೮ರಲ್ಲಿಯೇ ಅದೇ ಕ್ಯಾಮಿನ್ ತೋರಿಸಿದ್ದ. ಸಾಕಿದವರನ್ನೂ ಅದು ಕಚ್ಚುವುದುಂಟು. ತುರಿಕೆಯ ಗುಳ್ಳೆಗಳೇಳುತ್ತವೆ, ಆದರೆ ಮನುಷ್ಯನ ಮೇಲೆ ಸಂಸಾರ ಹೂಡುವುದಿಲ್ಲ.

ಹುಡುಗನಿಗೆ ಇದೊಂದೂ ತಿಳಿಯದು. ಅಡಿಗೆಮನೆಯ ಕಪಾಟಿನಲ್ಲಿ ಜಿರಲೆಗೆ ಹೊಡೆಯುವ ಡಬ್ಬಿಯಿತ್ತು. ಅದನ್ನು ಕೈಗೆತ್ತಿಕೊಂಡೂ ಬಿಟ್ಟಿದ್ದ. ತಂದೆ ಕಂಡು ಕಸಿದುಕೊಂಡದ್ದು ಹಾವಿನ ಪುಣ್ಯ. ನುಸಿಯಿಂದ ಸಾಯುವಂತೆಯೇ ನುಸಿಯ ಔಷಧದಿಂದಲೂ ಹಾವುಗಳು ಸಾಯುತ್ತವೆ. ಔಷಧದ ಸಾವು ಬೇಗ ಬರುತ್ತದೆ, ಅಷ್ಟೇ ವ್ಯತ್ಯಾಸ. ೧೯೬೦ರ ದಶಕದಿಂದ ಎಷ್ಟೋ ಮಂದಿ ಡೈಕ್ಲೋರ್ವಾಸ್ ಎಂಬ ವಿಷವನ್ನು ಹೀರಿಸಿದ ಪಟ್ಟಿಯನ್ನು ಹಾವಿನ ಪೆಟ್ಟಿಗೆಯ ಬಳಿ ನೇತುಹಾಕುತ್ತಿದ್ದರು. ನುಸಿಗಳು ಉದುರಿದ್ದು ನಿಜವೇ ಸರಿ. ಆದರೆ ಆ ಆವಿ ನರಗಳಿಗೆ ತಗಲುವಂಥದು. ನುಸಿಯ ನರ, ಹಾವಿನ ನರ ಎಂಬ ಭೇದವೆಣಿಸುವುದಿಲ್ಲ.

ಮರುದಿನ ಹಾವನ್ನು ದಿಂಬಿನ ಚೀಲದಲ್ಲಿಟ್ಟುಕೊಂಡು ಪಶುವೈದ್ಯೆಯ ಬಳಿಗೆ ಹೋದರು. ಆಕೆ ಮೊದಲು ಹಾವನ್ನು ತೂಗಿದಳು. ಆಮೇಲೆ ಕೇಳಿದ ಪ್ರಶ್ನೆ ಹುಡುಗನಿಗೆ ವಿಚಿತ್ರವಾಗಿ ತೋರಿತು:

"ಮನೆಯಲ್ಲಿ ಬೇರೆ ಪ್ರಾಣಿಗಳಿವೆಯೆ?"

"ತಂಗಿಯ ಆಮೆ ಇದೆ. ಅಮ್ಮನ ಬೆಕ್ಕು ಇದೆ."

ಪ್ರಶ್ನೆಗೆ ಕಾರಣವಿತ್ತು. ಹಾವಿನ ನುಸಿಗೆ ವೈದ್ಯರು ಬಳಸುವ ಔಷಧಗಳಲ್ಲಿ ಐವರ್ಮೆಕ್ಟಿನ್ ಒಂದು. ಜಪಾನಿನ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಬಂದ ಈ ಮದ್ದಿನ ಶೋಧಕ್ಕಾಗಿ ಸತೋಶಿ ಓಮುರ, ವಿಲಿಯಂ ಕ್ಯಾಂಪ್‌ಬೆಲ್ ಇವರಿಗೆ ೨೦೧೫ರಲ್ಲಿ ನೊಬೆಲ್ ಪಾರಿತೋಷಕವೇ ಸಂದಿದೆ. ಕೋಟ್ಯಂತರ ಮನುಷ್ಯರ ಕಣ್ಣುಳಿಸಿದ ಔಷಧ. ಆಮೆಗೆ ಮಾತ್ರ ಮೃತ್ಯು. ಹಾವಿಗೆ ತಂದದ್ದನ್ನು ಆಮೆಗೂ ಒಂದಿಷ್ಟು ಹಚ್ಚೋಣವೆಂದು ಹೊರಟವರು ಆಮೆಯನ್ನು ಕಳೆದುಕೊಂಡಿದ್ದಾರೆ. ಇನ್ನು ಪೆಟ್ಟಿಗೆಗೆ ಸಿಂಪಡಿಸುವ ಪರ್ಮೆತ್ರಿನ್. ಅದು ಬೆಕ್ಕಿಗೆ ಆಗದು. ಒಂದೇ ಸೂರಿನಡಿ ಮೂರು ಪ್ರಾಣಿಗಳಿದ್ದರೆ ಒಂದರ ಅಮೃತ ಇನ್ನೊಂದರ ವಿಷವಾಗುವುದು ಹೀಗೆ.

ಪಶುವೈದ್ಯೆ ಚುಚ್ಚುಮದ್ದಿನ ಗೊಡವೆಗೆ ಹೋಗಲಿಲ್ಲ. ಹಾವನ್ನು ಉಗುರುಬೆಚ್ಚನೆಯ ನೀರಿನಲ್ಲಿ ಬಿಡಿಸಿದಳು. ಕಣ್ಣಂಚಿನ ನುಸಿಗಳನ್ನು ಹತ್ತಿಯ ಕಡ್ಡಿಗೆ ಖನಿಜ ತೈಲ ತೇವಿಸಿ ಒಂದೊಂದಾಗಿ ಒರಸಿ ತೆಗೆದಳು. ಎಣ್ಣೆ ನುಸಿಯ ಉಸಿರಿನ ರಂಧ್ರವನ್ನು ಮುಚ್ಚುತ್ತದೆ. ಉಳಿದ ಕೆಲಸವೆಲ್ಲ ಮನೆಯದು: ತೊಗಟೆಯ ಹಾಸನ್ನು ಚೀಲದಲ್ಲಿ ಕಟ್ಟಿ ಎಸೆಯಬೇಕು, ಪೆಟ್ಟಿಗೆಯನ್ನು ಕುದಿನೀರಿನಿಂದ ತೊಳೆದು ಒಣಗಿಸಬೇಕು, ಹಾಸಲು ಬಿಳಿಯ ಕಾಗದ ಮಾತ್ರ, ಅದರ ಮೇಲೆ ಕಪ್ಪು ಕಾಳೊಂದು ನಡೆದರೆ ಕಾಣಬೇಕು. ಹಾವನ್ನೂ ನೀರಿನ ಬಟ್ಟಲನ್ನೂ ಹೊರಗಿಟ್ಟು, ಉರಗಗಳ ಪೆಟ್ಟಿಗೆಗೆಂದೇ ತಯಾರಿಸಿದ ಪರ್ಮೆತ್ರಿನನ್ನು ಕಾಗದಕ್ಕೆ ಲಘುವಾಗಿ ಸಿಂಪಡಿಸಿ, ಸಂಪೂರ್ಣ ಆರಿ ವಾಸನೆ ಹೋದ ಮೇಲೆಯೇ ಹಾವನ್ನು ಬಿಡಬೇಕು. ಬೆಕ್ಕು ಆ ಕೋಣೆಯತ್ತ ಸುಳಿಯಬಾರದು. ಎರಡು ವಾರವಾದ ಮೇಲೆ, ಏನೂ ಕಾಣದಿದ್ದರೂ ಸರಿಯೆ, ಮತ್ತೊಮ್ಮೆ ಮಾಡಬೇಕು. ಏಕೆಂದರೆ ಮೊಟ್ಟೆಗಳ ಮೇಲೆ ಮದ್ದಿನ ಅಧಿಕಾರ ನಡೆಯದು, ಅವು ಒಡೆಯುವವರೆಗೆ ಕಾಯಬೇಕು.

(ನುಸಿಗೆ ನುಸಿಯನ್ನೇ ಛೂ ಬಿಡುವವರೂ ಇದ್ದಾರೆ. ಧಾನ್ಯದ ಉಗ್ರಾಣಗಳಲ್ಲಿ ಸಿಗುವ ಒಂದು ಜಾತಿ, ಮಣ್ಣಿನಲ್ಲಿ ಬದುಕುವ ಇನ್ನೊಂದು ಜಾತಿ, ಇವೆರಡೂ ಹಾವನ್ನು ಮುಟ್ಟದೆ ಹಾವಿನ ನುಸಿಯನ್ನು ಬೇಟೆಯಾಡುತ್ತವೆ. ಯೂರೋಪಿನಲ್ಲಿ ಇವನ್ನು ಸೀಸೆಗಳಲ್ಲಿ ತುಂಬಿ ಮಾರುತ್ತಾರೆ. ವಿಷ ಸಿಂಪಡಿಸಿದ ಪೆಟ್ಟಿಗೆಗೆ ಅವನ್ನು ಬಿಟ್ಟರೆ ಬೇಟೆಗಾರನೂ ಸತ್ತನೆಂದೇ ಲೆಕ್ಕ.)

ಹುಡುಗ ಹೇಳಿದಂತೆಯೇ ಮಾಡಿದ. ಪೆಟ್ಟಿಗೆ ಅವನ ಕೋಣೆಯಿಂದ ಬಚ್ಚಲುಮನೆಗೆ ಹೋಯಿತು. ಹನ್ನೆರಡನೆಯ ದಿನದ ಹೊತ್ತಿಗೆ ಬಟ್ಟಲ ನೀರು ಸ್ಫಟಿಕದಂತಿತ್ತು, ಕಾಗದ ಶುಭ್ರವಾಗಿತ್ತು. ಹಾವು ಬಯಲಲ್ಲಿ, ಬೋಳು ಕಾಗದದ ಮೇಲೆ, ಅಡಗಲು ಎಡೆಯಿಲ್ಲದೆ ಬಿದ್ದಿರುವುದನ್ನು ನೋಡಿ ಅವನಿಗೆ ಕನಿಕರವಾಯಿತು. ಮೊದಲು ಪೆಟ್ಟಿಗೆಯಲ್ಲಿದ್ದ ಪೊಟರೆಯ ಮರದ ತುಂಡು ಗಾಡಿಖಾನೆಯ ಮೂಲೆಯಲ್ಲಿತ್ತು. ಅದನ್ನು ಕೊಡವಿ ತಂದು ಒಳಗಿಟ್ಟ. ಹಾವು ಸಂತೋಷದಿಂದಲೇ ಒಳಹೊಕ್ಕಿತು.

ಒಂದು ವಾರದೊಳಗೆ ನೀರಿನಲ್ಲಿ ಪುನಃ ಗಸಗಸೆ.

ಹಸಿದ ಅಪ್ಸರೆಗಳು ರಕ್ತವಿಲ್ಲದೆಯೂ ಎರಡು ವಾರಕ್ಕೆ ಮೇಲೆ ಬದುಕಬಲ್ಲವು. ಆ ಮರದ ಬಿರುಕುಗಳಲ್ಲಿ ಅವು ಕಾದು ಕುಳಿತಿದ್ದವು. ಹುಡುಗ ಆ ರಾತ್ರಿ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅತ್ತ. ಹಣ ಹೋಯಿತೆಂದಲ್ಲ, ಕನಿಕರದಿಂದ ಮಾಡಿದ ಕೆಲಸವೇ ಹಾವಿಗೆ ಮುಳುವಾಯಿತಲ್ಲ ಎಂದು. ಒಲೆಯ ಕಾವಿನಲ್ಲಿಟ್ಟರೆ ಮರದೊಳಗಿನ ನುಸಿ ಸಾಯುತ್ತದೆಂದು ಎಲ್ಲಿಯೋ ಓದಿ ತಾಯಿಯನ್ನು ಕೇಳಿದ. ಹಬ್ಬದ ಅಡಿಗೆ ಬೇಯುವ ಒಲೆಯಲ್ಲಿ ಹಾವಿನ ಮನೆಯೆ! ಆಕೆ ಮಾತಾಡದೆ ಮರದ ತುಂಡನ್ನು ಕಸದ ತೊಟ್ಟಿಗೆ ಹಾಕಿ ಬಂದಳು. ಮರುದಿನ ಹಳೆಯ ರಟ್ಟಿನ ಪೆಟ್ಟಿಗೆಯೊಂದಕ್ಕೆ ತಾನೇ ಬಾಗಿಲು ಕತ್ತರಿಸಿ ಕೊಟ್ಟಳು. ಇದನ್ನು ವಾರಕ್ಕೊಮ್ಮೆ ಎಸೆದು ಹೊಸದನ್ನಿಡಬಹುದಲ್ಲ.

ಮತ್ತೆ ಮೊದಲಿನಿಂದ ಎಲ್ಲ. ತೊಳೆ, ಒಣಗಿಸು, ಸಿಂಪಡಿಸು, ಕಾಯಿ. ಹೊಸದಾಗಿ ತಂದ ಹಾವನ್ನು ಒಂದರಿಂದ ಮೂರು ತಿಂಗಳು ಪ್ರತ್ಯೇಕವಾಗಿಡಬೇಕೆಂದು ಅನುಭವಿಗಳು ಹೇಳುವುದು ಸುಮ್ಮನೆ ಅಲ್ಲ. ನುಸಿಯ ಆಯುಷ್ಯವೇ ಸುಮಾರು ನಲವತ್ತು ದಿನ. ಆ ಅವಧಿ ಹುಡುಗನಿಗೆ ಪರೀಕ್ಷೆಯ ತಿಂಗಳಿಗಿಂತ ದೀರ್ಘವಾಗಿ ಕಂಡಿರಬೇಕು. ಚೆಂಡು ಹೆಬ್ಬಾವು ತಿಂಗಳುಗಟ್ಟಲೆ ಉಪವಾಸವಿರಬಲ್ಲದೆಂದು ಪಶುವೈದ್ಯೆ ಸಮಾಧಾನ ಹೇಳಿದ್ದರೂ, ಪ್ರತಿ ವಾರ ಮುಟ್ಟದೆ ಉಳಿದ ಇಲಿಯನ್ನು ಎತ್ತಿ ಎಸೆಯುವಾಗ ಅವನ ಮುಖ ಬಾಡುತ್ತಿತ್ತು. ಫಿಲಡೆಲ್ಫಿಯದ ಮೃಗಾಲಯದಲ್ಲಿ ಇದೇ ಜಾತಿಯ ಹಾವೊಂದು ೪೭ ವರ್ಷ ಬದುಕಿದ ದಾಖಲೆಯಿದೆ. ಇವನ ಹಾವು ಎರಡು ತಿಂಗಳು ದಾಟುವುದೇ ಸಂದೇಹವಾಗಿತ್ತು.

ಏಳನೆಯ ವಾರದಲ್ಲಿ ಹಾವು ಪೊರೆ ಬಿಟ್ಟಿತು. ಹರಿಯದೆ, ಮೂಗಿನಿಂದ ಬಾಲದ ತುದಿಯವರೆಗೆ ಒಂದೇ ಉದ್ದದ ಪೊರೆ. ಹುಡುಗ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಕಣ್ಣಿನ ಎರಡು ಗಾಜುಗಳ ಅಂಚನ್ನು ಭೂತಗನ್ನಡಿಯಿಂದ ಪರೀಕ್ಷಿಸಿದ. ಚುಕ್ಕೆಯಿರಲಿಲ್ಲ. ಅಂದು ಸಂಜೆ ಬೆಚ್ಚಗೆ ಮಾಡಿದ ಇಲಿಯೊಂದನ್ನು ಇಕ್ಕಳದಲ್ಲಿ ಹಿಡಿದು ರಟ್ಟಿನ ಬಾಗಿಲ ಮುಂದೆ ನಿಂತ. ಬಹಳ ಹೊತ್ತು ಏನೂ ನಡೆಯಲಿಲ್ಲ. ಆಮೇಲೆ ಒಂದು ನಾಲಗೆ ಹೊರಬಂತು. ಅದರ ಹಿಂದೆ ತಲೆ. ಮರುಕ್ಷಣ ಇಕ್ಕಳ ಬರಿದಾಗಿತ್ತು.

ಬಚ್ಚಲುಮನೆಯ ಹೊಸ್ತಿಲಾಚೆ, ಒಳಗೆ ಕಾಲಿಡದೆ, ತಾಯಿ ನಿಂತಿದ್ದಳು.

"ತಿಂದಿತೇನೋ?" ಎಂದು ಕೇಳಿದಳು.