ಹೇಳಿ ಬರೆಯಿಸಿದ ಮುಖ

ದುಡ್ಡು ಕೊಟ್ಟು ಬರೆಯಿಸಿದ ಭಾವಚಿತ್ರವು ಕಲೆಯಲ್ಲ, ಬರಿಯ ಕೂಲಿಕೆಲಸವೆಂದು ಹೇಳುವವರುಂಟು. ಇದು ಒಪ್ಪತಕ್ಕ ಮಾತಲ್ಲ. ಹೆಸರಾದ ಭಾವಚಿತ್ರಗಳಲ್ಲಿ ಎಷ್ಟೋ ಚಿತ್ರಗಳು ಯಾರೋ ಹೇಳಿ ಬರೆಯಿಸಿದವುಗಳೇ. ಕೂಲಿ ಪಡೆಯುವುದರಲ್ಲಿ ಕುಂದಿಲ್ಲ. ಕೂಲಿಗಾಗಿ ಏನನ್ನು ಬಿಟ್ಟುಕೊಡುತ್ತೇವೆ ಎಂಬುದೇ ಪ್ರಶ್ನೆ.

ನಮ್ಮ ಕೊಡಗಿನ ಉದಾಹರಣೆಯನ್ನೇ ನೋಡೋಣ. 1834ರಲ್ಲಿ ಪದಚ್ಯುತನಾದ ಚಿಕ್ಕವೀರರಾಜೇಂದ್ರನು 1852ರಲ್ಲಿ ಮಗಳು ಗೌರಮ್ಮನನ್ನು ಇಂಗ್ಲೆಂಡಿಗೆ ಕರೆದೊಯ್ದನು. ಅದೇ ವರ್ಷ ಆಕೆಗೆ ಕ್ರೈಸ್ತ ದೀಕ್ಷೆಯಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತಳು. ರಾಣಿಯ ಅಪೇಕ್ಷೆಯಂತೆ ವಿಂಟರ್‌ಹಾಲ್ಟರನು ಆಕೆಯನ್ನು ತೈಲವರ್ಣದಲ್ಲಿ ಚಿತ್ರಿಸಿದನು. ಉಡುಗೆ ಭಾರತದ್ದು, ಕೈಯಲ್ಲಿ ಬೈಬಲ್. ಬರೆಯಿಸಿದವರ ಇಷ್ಟವು ಆ ಕೈಯಲ್ಲಿ ಎದ್ದು ಕಾಣುತ್ತದೆ. ಸುಮಾರು ಹನ್ನೊಂದು ವಯಸ್ಸಿನ ಬಾಲೆಯ ಇಷ್ಟವೇನಿತ್ತೆಂಬುದನ್ನು ಚಿತ್ರವು ಹೇಳುವುದಿಲ್ಲ.

ಇಂದು ಬರೆಯಿಸುವವರು ರಾಣಿಯರಲ್ಲ, ನಮ್ಮ ನೆರೆಹೊರೆಯವರೇ. ಮಾಸಿದ ಸಣ್ಣ ಫೋಟೋ ತಂದು, “ಅಜ್ಜನನ್ನು ದೊಡ್ಡದಾಗಿ ಬರೆದುಕೊಡು; ಕುಪ್ಯ, ಚೇಲೆ, ಪೀಚೆಕತ್ತಿ ಇರಲಿ; ಬಣ್ಣ ಸ್ವಲ್ಪ ಬೆಳ್ಳಗಿರಲಿ, ಸುಕ್ಕು ಬೇಡ” ಎನ್ನುತ್ತಾರೆ. ಇದಕ್ಕೆ ಅಕ್ರಿಲಿಕ್ ಬಣ್ಣವು ಬಹಳ ಅನುಕೂಲ. ಎಣ್ಣೆಬಣ್ಣ ಒಣಗಲು ದಿನಗಟ್ಟಲೆ ಬೇಕು. ಅಕ್ರಿಲಿಕ್‌ನಲ್ಲಿ ನೀರು ಆರಿದರೆ ಸಾಕು. ನಮ್ಮ ಮಳೆಗಾಲದಲ್ಲಿ ತುಸು ತಡವಾದರೂ ಅದೇ ದಿನ ಮೇಲಿನ ಲೇಪ ಹಚ್ಚಬಹುದು. ಒಣಗಿದಾಗ ಬಣ್ಣ ಕೊಂಚ ಗಾಢವಾಗುವುದರಿಂದ, ಮೈಬಣ್ಣವನ್ನು ಮೊದಲು ಬೇರೆ ಚೂರಿನ ಮೇಲೆ ಹಚ್ಚಿ ನೋಡಬೇಕು, ಅಷ್ಟೆ.

ಆದರೆ ಅನುಕೂಲವೇ ಅಪಾಯವೂ ಹೌದು. ಸಂಜೆಯೊಳಗೆ ಅಜ್ಜನ ಮುಖವನ್ನು ನಾಲ್ಕು ಸಲ ತಿದ್ದಬಹುದು. ನಾಲ್ಕನೆಯ ಸಲ ಅಲ್ಲಿ ಅಜ್ಜನಿರುವುದಿಲ್ಲ!

ದುಡ್ಡು ಕೊಡುವವರ ಮಾತು ಕೇಳಬೇಡವೇ? ಫೀಸಿಗೆ ಪರದಾಡುವ ವಿದ್ಯಾರ್ಥಿ ಬಂದ ಕೆಲಸವನ್ನು ಬಿಡಬೇಕೇ? ಎಂದರೆ, ಬಿಡಬೇಕಾಗಿಲ್ಲ. ಅಳತೆ, ಉಡುಗೆ, ಒಡವೆ, ಹಿನ್ನೆಲೆ ಇವೆಲ್ಲ ಅವರ ಇಷ್ಟದಂತೆಯೇ ಆಗಲಿ. ಮೊದಲು ಇದ್ದಿಲಿನಲ್ಲಿ ರೇಖಾಚಿತ್ರ ಬರೆದು, ತೋರಿಸಿ, ಒಪ್ಪಿಗೆ ಪಡೆದು, ಮುಂಗಡ ತೆಗೆದುಕೊಂಡು ಬಣ್ಣಕ್ಕೆ ಕೈಹಚ್ಚಲಿ. ಮೈಬಣ್ಣ ಮತ್ತು ಮುಖದ ಗೆರೆ ಮಾತ್ರ ಮಾರಾಟಕ್ಕಿಲ್ಲವೆಂದು ಮೊದಲೇ ವಿನಯದಿಂದ ಹೇಳಲಿ. ಗದ್ದೆಯ ಬಿಸಿಲಿನಲ್ಲಿ ಕಪ್ಪಾದ ಮುಖವನ್ನು ಬೆಳ್ಳಗೆ ಮಾಡಿದರೆ ಅದು ಅಜ್ಜನಿಗೆ ಮರ್ಯಾದೆಯಲ್ಲ. ಆ ಬಿಸಿಲಿಗೂ ದುಡಿಮೆಗೂ ನಾಚಿದಂತೆ.

ಫೋಟೋ ಒಂದು ದಿನ ಅಳಿದುಹೋಗುತ್ತದೆ. ಅನಂತರ ಐನ್‌ಮನೆಯ ಗೋಡೆಯ ಚಿತ್ರವೊಂದೇ ಸಾಕ್ಷಿ. ಮರಿಮಕ್ಕಳು ತಮ್ಮ ಮೂಗು, ಹುಬ್ಬು, ಬಣ್ಣಗಳನ್ನು ಅಲ್ಲಿಯೇ ಹುಡುಕುತ್ತಾರೆ. ಕುಂಚ ಹಿಡಿದ ಗೆಳೆಯರು ಅವರಿಗೆ ಸುಳ್ಳು ಸಾಕ್ಷಿ ಹೇಳದಿರಲಿ.