ಬ್ಯಾಂಕೋ, ಸಹಕಾರ ಸಂಘವೋ?

1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನಲ್ಲಿ ಸ್ಥಾಪಿಸಿದ ಪುಟ್ಟ ನಿಧಿಯೇ ಬೆಳೆದು ಇಂದಿನ ಕೆನರಾ ಬ್ಯಾಂಕು ಆಯಿತು. ಸುಮಾರು ಅದೇ ಕಾಲದಲ್ಲಿ ಮೊಳಹಳ್ಳಿ ಶಿವರಾಯರು ಪುತ್ತೂರಿನಲ್ಲಿ ಸಹಕಾರದ ದಾರಿ ತೆರೆದರು. ಜಿಲ್ಲೆಯ ಗೃಹಸ್ಥರಿಗೆ ಇಂದಿಗೂ ಈ ಎರಡು ದಾರಿಗಳಿವೆ.

ಬ್ಯಾಂಕಿಗೆ ಹೋದವನು ಗಿರಾಕಿ. ಸಂಘಕ್ಕೆ ಸೇರಿದವನು ಸದಸ್ಯ. ಅವನ ಪಾಲುಗಳು ಒಂದಿರಲಿ, ನೂರಿರಲಿ, ಮತ ಒಂದೇ. ಗುರುತಿನ ಜನರಿರುವ ಕಚೇರಿಯಲ್ಲಿ ಸಣ್ಣ ಸಾಲ ಬೇಗನೆ ಕೈಸೇರುವುದುಂಟು. ಠೇವಣಿಗೆ ಬಡ್ಡಿಯೂ ಅನೇಕ ವೇಳೆ ತುಸು ಹೆಚ್ಚು.

ಆದರೆ ಎಚ್ಚರವೂ ಬೇಕು. ಬ್ಯಾಂಕು ಮುಳುಗಿದರೆ, ಅಸಲು ಬಡ್ಡಿ ಸೇರಿ, ಒಬ್ಬ ಠೇವಣಿದಾರನಿಗೆ 5 ಲಕ್ಷ ರೂಪಾಯಿಯವರೆಗೆ ವಿಮೆಯ ರಕ್ಷಣೆಯುಂಟು. 1 ಲಕ್ಷವಿದ್ದ ಈ ಮಿತಿ ಏರಿದ್ದು 2020ರಲ್ಲಿ. ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಸಹಕಾರಿ ಬ್ಯಾಂಕುಗಳಿಗೂ ಇದು ಅನ್ವಯಿಸುತ್ತದೆ. ಪತ್ತಿನ ಸಹಕಾರ ಸಂಘಗಳಿಗೆ, ಸೌಹಾರ್ದ ಸಹಕಾರಿಗಳಿಗೆ ಈ ವಿಮೆಯಿಲ್ಲ.

ಆದುದರಿಂದ ನಿವೃತ್ತಿಯ ಗಂಟನ್ನೋ ಮಗಳ ಮದುವೆಯ ಹಣವನ್ನೋ ಇಡುವ ಮುನ್ನ ಬಡ್ಡಿಯ ದರಕ್ಕಿಂತ ಮೊದಲು ಹೊರಗಿನ ನಾಮಫಲಕವನ್ನು ಓದುವುದು ಲೇಸು. ಸಂಘವನ್ನೇ ಆರಿಸಿದವರು ಲೆಕ್ಕಪರಿಶೋಧನೆಯ ವರದಿ ಕೇಳಬೇಕು, ವಾರ್ಷಿಕ ಮಹಾಸಭೆಗೆ ತಪ್ಪದೆ ಹೋಗಬೇಕು. ಅಲ್ಲಿ ಸದಸ್ಯನೇ ಧಣಿ, ಕಾವಲುಗಾರನೂ ಅವನೇ.